ಐವತ್ತನೆಯ ಮತ

2017ರ ಜುಲೈ 28ರ ನಸುಕು. ವಾಷಿಂಗ್ಟನ್ನಿನ ಸೆನೆಟ್ ಸಭಾಂಗಣದಲ್ಲಿ ಗಂಟೆ ಒಂದೂವರೆಯ ಹೊತ್ತಿಗೆ ಅರಿಜೋನಾದ ಸೆನೆಟರ್ ಜಾನ್ ಮೆಕೇನ್ ಎಲ್ಲರ ಮುಂದೆ ಬಂದು ನಿಂತು, ಕೈ ಚಾಚಿ, ಹೆಬ್ಬೆರಳನ್ನು ಕೆಳಮುಖ ಮಾಡಿದರು. ಮಿದುಳಿನ ಕ್ಯಾನ್ಸರ್ ಇರುವುದು ಗೊತ್ತಾಗಿ ಕೆಲವೇ ದಿನ ಆಗಿತ್ತು. ಕಣ್ಣಿನ ಮೇಲೆ ಶಸ್ತ್ರಚಿಕಿತ್ಸೆಯ ಗಾಯ ಇನ್ನೂ ಮಾಸಿರಲಿಲ್ಲ. ಮೂರು ದಿನದ ಹಿಂದಷ್ಟೇ ಅವರು ಸದನಕ್ಕೆ ಮರಳಿದ್ದರು. ಮಸೂದೆಯ ಪರ 49, ವಿರುದ್ಧ 51. ಒಬಾಮಾ ತಂದಿದ್ದ ಆರೋಗ್ಯ ವಿಮೆ ಕಾಯ್ದೆಯ ಮುಖ್ಯ ಭಾಗಗಳನ್ನು ಕಿತ್ತುಹಾಕಬೇಕಿದ್ದ ಮಸೂದೆ ಅಲ್ಲೇ ಬಿದ್ದುಹೋಯಿತು.

ಆಗ ಅಧ್ಯಕ್ಷರು ರಿಪಬ್ಲಿಕನ್. ಕೆಳಮನೆಯಲ್ಲೂ ಸೆನೆಟ್‌ನಲ್ಲೂ ಅದೇ ಪಕ್ಷದ ಬಹುಮತ. 2010ರ ಮಾರ್ಚ್ 23ರಂದು ಆ ಕಾಯ್ದೆಗೆ ಸಹಿ ಬಿದ್ದಾಗಿನಿಂದ ಏಳು ವರ್ಷ, ಒಂದೂ ಚುನಾವಣೆ ಬಿಡದೆ, "ಇದನ್ನು ರದ್ದು ಮಾಡುತ್ತೇವೆ" ಎಂದು ಆ ಪಕ್ಷ ಮಾತು ಕೊಡುತ್ತಲೇ ಬಂದಿತ್ತು. ಜನ ಗೆಲ್ಲಿಸಿದರು. ಆದರೂ ಕೆಲಸ ಆಗಲಿಲ್ಲ. ಪಕ್ಷದ ಬೆಂಬಲಿಗರು ಇದನ್ನು ದ್ರೋಹ ಎಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವಿರುದ್ಧ ಮತ ಹಾಕಿದ ಮೂವರು ರಿಪಬ್ಲಿಕನ್ನರ, ಅಂದರೆ ಮೆಕೇನ್ ಮತ್ತು ಇನ್ನಿಬ್ಬರ, ಹೆಸರು ಹಿಡಿದು ಬೈದು ಸುಮ್ಮನಾದರೆ, ಇಂಥ ಸೋಲು ಮತ್ತೆ ಮತ್ತೆ, ಬೇರೆ ಬೇರೆ ಪಕ್ಷಗಳಿಗೆ ಯಾಕೆ ಆಗುತ್ತದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಸ್ವಲ್ಪ ಲೆಕ್ಕ ಬೇಕು.

ಸೆನೆಟ್‌ನಲ್ಲಿ 100 ಸ್ಥಾನ. ರಿಪಬ್ಲಿಕನ್ನರು 52. ಮತ ಸಮ ಆದರೆ ಉಪಾಧ್ಯಕ್ಷರ ಮತ ಇರುವುದರಿಂದ 50 ಸಾಕು. ಅಂದರೆ ಇಬ್ಬರು ಕೈಕೊಟ್ಟರೂ ಮಸೂದೆ ಉಳಿಯುತ್ತದೆ, ಮೂವರು ಕೈಕೊಟ್ಟರೆ ಇಲ್ಲ. ಈಗ ಒಂದು ಕಲ್ಪನೆ ಮಾಡಿಕೊಳ್ಳೋಣ. ಈ 52 ಮಂದಿಯಲ್ಲಿ ಪ್ರತಿಯೊಬ್ಬರೂ 100ಕ್ಕೆ 95 ಸಲ ಪಕ್ಷ ಹೇಳಿದ ಹಾಗೆ ಮತ ಹಾಕುತ್ತಾರೆ, ಉಳಿದ 5 ಸಲ ಮಾತ್ರ ತಮ್ಮದೇ ಕಾರಣಕ್ಕೆ ಬೇರೆಯಾಗುತ್ತಾರೆ ಎನ್ನಿ. ಇದು ತುಂಬ ನಿಷ್ಠೆಯ ಪಕ್ಷವೇ. ಆದರೂ ಸಂಭವನೀಯತೆಯ ಸೂತ್ರ ಹಾಕಿ ನೋಡಿದರೆ, ಎರಡಕ್ಕಿಂತ ಹೆಚ್ಚು ಮತ ಕೈತಪ್ಪದೆ ಮಸೂದೆ ಗೆಲ್ಲುವ ಸಾಧ್ಯತೆ ಶೇಕಡಾ 51. ನಾಣ್ಯ ಚಿಮ್ಮಿದಷ್ಟೇ! ನಿಷ್ಠೆ 90ಕ್ಕೆ ಇಳಿದರೆ ಗೆಲ್ಲುವುದು ಹತ್ತರಲ್ಲಿ ಒಂದು ಸಲ. ಅದೇ 52ರ ಬದಲು 58 ಸ್ಥಾನ ಇದ್ದು, ನಿಷ್ಠೆ 95 ಇದ್ದಿದ್ದರೆ, ಗೆಲುವು ಶೇಕಡಾ 99ಕ್ಕೂ ಮೇಲೆ. ಆರೇ ಆರು ಸ್ಥಾನದ ಅಂತರ. ಚುನಾವಣೆಯ ರಾತ್ರಿ ಟಿವಿಯಲ್ಲಿ ಎರಡಕ್ಕೂ 'ಬಹುಮತ' ಎಂಬ ಒಂದೇ ಪದ ಬಳಸುತ್ತಾರೆ.

ನಿಜವಾದ ಸೆನೆಟರ್‌ಗಳೇನೂ ಚಿಮ್ಮಿದ ನಾಣ್ಯಗಳಲ್ಲ. ಒಬ್ಬರ ಮುಖ ನೋಡಿ ಇನ್ನೊಬ್ಬರು ನಿರ್ಧರಿಸುತ್ತಾರೆ, ಹೇಗೂ ಬೀಳುವ ಮಸೂದೆಗೆ ವಿರೋಧ ಕಟ್ಟಿಕೊಳ್ಳುವುದೇಕೆ ಎಂದು ಪರವಾಗಿ ಮತ ಹಾಕಿಬಿಡುವವರೂ ಇರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಕೈಕೊಡುವವರು ಎಲ್ಲಿಂದಲೋ ಉದುರುವುದಿಲ್ಲ, ಪಕ್ಷದ ಎರಡು ಅಂಚುಗಳಿಂದ ಬರುತ್ತಾರೆ. ಗಿಡ್ಡ ಕಂಬಳಿಯನ್ನು ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಕೆಳಮನೆಯಲ್ಲಿ ಆದದ್ದು ಇದು. ಫ್ರೀಡಂ ಕಾಕಸ್ ಎಂಬ ಕಟ್ಟಾ ಬಲಪಂಥೀಯ ಗುಂಪಿಗೆ ಮಸೂದೆ ಸಾಲದು, ಹಳೆಯ ಕಾಯ್ದೆಯನ್ನು ಇನ್ನೂ ಬುಡಸಮೇತ ಕೀಳಬೇಕು. ಮಧ್ಯಮ ಮಾರ್ಗದವರಿಗೆ ಅದೇ ಮಸೂದೆ ಅತಿಯಾಯಿತು. ಸಂಸತ್ತಿನದೇ ಬಜೆಟ್ ಕಚೇರಿ ಲೆಕ್ಕ ಹಾಕಿ, 2026ರ ಹೊತ್ತಿಗೆ 2 ಕೋಟಿ 40 ಲಕ್ಷ ಜನ ಹೆಚ್ಚುವರಿಯಾಗಿ ವಿಮೆ ಇಲ್ಲದವರಾಗುತ್ತಾರೆ ಎಂದಿತ್ತು. ಮಾರ್ಚ್ 24ರಂದು ಮಸೂದೆಯನ್ನು ಮತಕ್ಕೇ ಹಾಕದೆ ವಾಪಸು ಪಡೆದರು. ಆಮೇಲೆ ಕಂಬಳಿಯನ್ನು ಬಲಕ್ಕೆ ಎಳೆದು, ಮೇ 4ರಂದು 217ಕ್ಕೆ 213ರಲ್ಲಿ ಗೆದ್ದರು. ಇಪ್ಪತ್ತು ಮಂದಿ ಸ್ವಪಕ್ಷೀಯರು ವಿರುದ್ಧ ಮತ ಹಾಕಿದ್ದರು. ಹೀಗೆ ಬಲಕ್ಕೆ ಎಳೆದ ಮಸೂದೆಯೇ ಸೆನೆಟ್‌ಗೆ ಹೋಗಬೇಕಿತ್ತು, ಮಧ್ಯಮ ಮಾರ್ಗದವರ ಕೈಗೆ.

ಸಂಖ್ಯೆಗೂ ಬಲಕ್ಕೂ ಇರುವ ಈ ಅಂತರವನ್ನು ಅಳೆಯುವ ಒಂದು ಮಾನದಂಡವನ್ನು ಅಮೆರಿಕದ ವಕೀಲ ಜಾನ್ ಬಾನ್ಜಾಫ್ 1965ರಲ್ಲಿ ಕೊಟ್ಟರು. ಅವರು ಎತ್ತಿಕೊಂಡದ್ದು ನ್ಯೂಯಾರ್ಕ್ ರಾಜ್ಯದ ನಾಸೊ ಕೌಂಟಿಯ ಮಂಡಳಿ. ಅಲ್ಲಿ ಆರು ಸದಸ್ಯರಿಗೆ 31, 31, 28, 21, 2, 2 ಎಂದು ಮತಗಳ ತೂಕ ಹಂಚಿದ್ದರು. ಒಟ್ಟು 115, ಗೆಲ್ಲಲು 58. ಕೂಡಿ ನೋಡಿ. ದೊಡ್ಡ ಮೂವರಲ್ಲಿ ಯಾವ ಇಬ್ಬರು ಸೇರಿದರೂ 58 ದಾಟುತ್ತದೆ. ಅವರಲ್ಲಿ ಒಬ್ಬರೇ ಇದ್ದರೆ ಉಳಿದ ಮೂವರು ಸಣ್ಣವರೂ ಸೇರಿ 56ಕ್ಕೇ ನಿಲ್ಲುತ್ತದೆ. ಅಂದರೆ 21 ಮತ ಇಟ್ಟುಕೊಂಡ ಸದಸ್ಯ ಅತ್ತ ಹೋದರೂ ಇತ್ತ ಬಂದರೂ ಫಲಿತಾಂಶ ಎಂದೂ ಬದಲಾಗುವುದಿಲ್ಲ. ಆತನ ಬಲ ಸೊನ್ನೆ. ನಿನಗೆಷ್ಟು ಮತ ಇದೆ ಎಂದಲ್ಲ, ನೀನು ಹೊರಗೆ ಹೋದರೆ ಎಷ್ಟು ಸಲ ಗೆಲುವು ಸೋಲಾಗುತ್ತದೆ ಎಂದು ಕೇಳಬೇಕು ಎಂಬುದೇ ಬಾನ್ಜಾಫ್ ಅವರ ಸೂತ್ರ. ಇದೇ ಪ್ರಶ್ನೆಯನ್ನು ಸೆನೆಟ್‌ಗೆ ಕೇಳಿದರೆ ಉತ್ತರ ತಿರುಗಿಬೀಳುತ್ತದೆ. ನಾಸೊದಲ್ಲಿ 21 ಮತ ಸೊನ್ನೆಯಾದರೆ, ಇಲ್ಲಿ ತುಂಬ ಇಕ್ಕಟ್ಟಿನ ಬಹುಮತದ ಅಂಚಿನಲ್ಲಿ ನಿಂತ ಒಂದೇ ಮತಕ್ಕೆ ಇಡೀ ಕಾರ್ಯಸೂಚಿಯ ತೂಕ ಬರುತ್ತದೆ.

ಸಾಮಾನ್ಯ ಮಸೂದೆ ಆಗಿದ್ದರೆ 50 ಕೂಡ ಸಾಲುತ್ತಿರಲಿಲ್ಲ. ಸೆನೆಟ್‌ನಲ್ಲಿ ಚರ್ಚೆ ನಿಲ್ಲಿಸಲು 60 ಮತ ಬೇಕು. ಈ ನಿಯಮ 1917ರಲ್ಲಿ ಮೂರನೇ ಎರಡು ಎಂದು ಶುರುವಾಗಿ 1975ರಲ್ಲಿ ಐದನೇ ಮೂರಕ್ಕೆ ಇಳಿದದ್ದು. ಇದನ್ನು ತಪ್ಪಿಸಲು ಬಜೆಟ್‌ಗೆ ಮೀಸಲಾದ ಒಂದು ಒಳದಾರಿ ಹಿಡಿದರು. ಆ ದಾರಿಯಲ್ಲಿ ಹಣಕಾಸಿಗೆ ನೇರ ಸಂಬಂಧ ಇಲ್ಲದ ಯಾವುದನ್ನೂ ಸೇರಿಸುವ ಹಾಗಿಲ್ಲ. ಹಳೆಯದನ್ನು ಕೆಡವಬಹುದಿತ್ತು, ಹೊಸದನ್ನು ಪೂರ್ತಿ ಕಟ್ಟುವ ಹಾಗಿರಲಿಲ್ಲ. "ರದ್ದು ಮಾಡಿ ಇದಕ್ಕಿಂತ ಒಳ್ಳೆಯದನ್ನು ಕೊಡುತ್ತೇವೆ" ಎಂಬ ಮಾತಿನ ಎರಡನೇ ಅರ್ಧ ಆ ದಾರಿಯಲ್ಲೇ ಸವೆದುಹೋಯಿತು.

ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಎರಡು ಮತದಾನಗಳ ಹೋಲಿಕೆ. 2015ರ ಡಿಸೆಂಬರ್‌ನಲ್ಲಿ ಇದೇ ಸೆನೆಟ್ ರದ್ದತಿಯ ಮಸೂದೆಯನ್ನು 52ಕ್ಕೆ 47ರಲ್ಲಿ ಅಂಗೀಕರಿಸಿತ್ತು. ಅಧ್ಯಕ್ಷ ಒಬಾಮಾ ತಿರಸ್ಕರಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. 2016ರ ಜನವರಿಯಲ್ಲಿ ತಿರಸ್ಕರಿಸಿದರು ಕೂಡ. 2017ರ ಜುಲೈ 26ರಂದು ಹೆಚ್ಚುಕಡಿಮೆ ಅದೇ ಮಸೂದೆ ಮತ್ತೆ ಬಂತು. ಈ ಸಲ ಸಹಿ ಹಾಕಲು ಅಧ್ಯಕ್ಷರು ಕಾದು ಕೂತಿದ್ದರು. 45ಕ್ಕೆ 55ರಲ್ಲಿ ಬಿತ್ತು. ವಿರುದ್ಧ ಮತ ಹಾಕಿದ ಏಳು ರಿಪಬ್ಲಿಕನ್ನರಲ್ಲಿ ಆರು ಮಂದಿ 2015ರಲ್ಲಿ ಪರವಾಗಿದ್ದವರು.

ಅವರು ಸುಳ್ಳರು ಎನ್ನುವುದು ಸುಲಭ. ಆದರೆ ನಡುವೆ ಬದಲಾದದ್ದೇನು ನೋಡಿ. ಮೊದಲನೆಯದರಲ್ಲಿ ಯಾರ ವಿಮೆಯೂ ಹೋಗುತ್ತಿರಲಿಲ್ಲ, ಎರಡನೆಯದರಲ್ಲಿ ನಿಜವಾಗಿ ಹೋಗುತ್ತಿತ್ತು. ಬಡವರ ಚಿಕಿತ್ಸೆಯ ಖರ್ಚು ಭರಿಸುವ ಮೆಡಿಕೇಡ್ ಯೋಜನೆಯನ್ನು ಅಷ್ಟರಲ್ಲಿ 31 ರಾಜ್ಯಗಳು ವಿಸ್ತರಿಸಿದ್ದವು. ಆ ಏಳರಲ್ಲಿ ಐವರ ರಾಜ್ಯಗಳಾದ ಒಹಾಯೊ, ವೆಸ್ಟ್ ವರ್ಜೀನಿಯಾ, ನೆವಾಡ, ಅರಿಜೋನಾ, ಅಲಾಸ್ಕ ಅದರಲ್ಲಿದ್ದವು. ಮನುಷ್ಯನಿಗೆ ಹೊಸದಾಗಿ ಸಿಕ್ಕಾಗ ಆಗುವ ಸಂತೋಷಕ್ಕಿಂತ, ಅಷ್ಟೇ ಕೈಯಲ್ಲಿದ್ದದ್ದು ಹೋದರೆ ಆಗುವ ನೋವು ಸುಮಾರು ಎರಡು ಪಟ್ಟು ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ತಮ್ಮ ಪ್ರಯೋಗಗಳಲ್ಲಿ ಕಂಡಿದ್ದರು. 2010ರಲ್ಲಿ ಕಾಯ್ದೆ ಬರೀ ಭರವಸೆಯಾಗಿತ್ತು. 2017ರ ಹೊತ್ತಿಗೆ ಅದು ಮನೆ ಮನೆಯ ಔಷಧಿಯ ಚೀಟಿಯಾಗಿತ್ತು. ಒಮ್ಮೆ ಊರಿದ ಕಾಯ್ದೆ ತನ್ನ ಕಾವಲುಗಾರರನ್ನು ತಾನೇ ಬೆಳೆಸಿಕೊಳ್ಳುತ್ತದೆ, ಅವರಲ್ಲಿ ಕೆಲವರು ಎದುರು ಪಕ್ಷದ ಮತದಾರರೇ ಆಗಿರುತ್ತಾರೆ.

ನಮ್ಮಲ್ಲಿ ಹೀಗೆ ಸದನದ ನಡುವೆ ನಿಂತು ಹೆಬ್ಬೆರಳು ಇಳಿಸುವುದು ಕಷ್ಟ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್ ಮೀರಿ ಮತ ಹಾಕಿದವರ ಸದಸ್ಯತ್ವವೇ ಹೋಗಬಹುದು. ಆದರೆ ಐವತ್ತನೆಯ ಮತದ ಒತ್ತಡ ಅದರಿಂದ ಮಾಯವಾಗುವುದಿಲ್ಲ, ಬೇರೆ ಬಾಗಿಲು ಹುಡುಕುತ್ತದೆ. 2019ರ ಜುಲೈನಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ವಿಶ್ವಾಸಮತದಲ್ಲಿ 99ಕ್ಕೆ 105ರಲ್ಲಿ ಸೋತದ್ದು ಶಾಸಕರು ವಿರುದ್ಧ ಮತ ಹಾಕಿದ್ದರಿಂದಲ್ಲ. ಅವರು ರಾಜೀನಾಮೆ ಬರೆದುಕೊಟ್ಟು ಸದನಕ್ಕೇ ಬಂದಿರಲಿಲ್ಲ.

ಇನ್ನು ಅಮೆರಿಕದ ಅದೇ 52 ಮಂದಿ. ಆರೋಗ್ಯದಲ್ಲಿ ಎಡವಿದ ಅದೇ ಬಹುಮತ, ಅದೇ ಬಜೆಟ್ ಒಳದಾರಿಯಲ್ಲಿ, ಐದು ತಿಂಗಳಲ್ಲಿ ಭಾರಿ ತೆರಿಗೆ ಕಡಿತವನ್ನು 51ಕ್ಕೆ 48ರಲ್ಲಿ ಅಂಗೀಕರಿಸಿತು. ಮೆಕೇನ್ ಅನಾರೋಗ್ಯದಿಂದ ಬಂದಿರಲಿಲ್ಲ. ತೆರಿಗೆ ಇಳಿದರೆ ಕೈಯಲ್ಲಿದ್ದದ್ದು ಹೋಯಿತೆಂದು ಅಳುವವರು ಕಣ್ಣಿಗೆ ಕಾಣುವುದಿಲ್ಲ, ಸಾಲ ಮುಂದಿನವರ ಲೆಕ್ಕಕ್ಕೆ ಹೋಗುತ್ತದೆ. ಜುಲೈನಲ್ಲಿ ಮೆಕೇನ್ ಜೊತೆ ವಿರುದ್ಧ ಮತ ಹಾಕಿದ್ದ ಅಲಾಸ್ಕದ ಲೀಸಾ ಮರ್ಕೌಸ್ಕಿ ಈ ಸಲ ಪರವಾಗಿದ್ದರು. ಅವರ ರಾಜ್ಯದ ಆರ್ಕ್ಟಿಕ್ ವನ್ಯಧಾಮದಲ್ಲಿ ತೈಲ ತೆಗೆಯಲು ಅನುಮತಿ ಅದೇ ಮಸೂದೆಯಲ್ಲಿತ್ತು. ಜುಲೈನಲ್ಲಿ ವಿರುದ್ಧ ಮತ ಹಾಕಿದ್ದ ಮೂರನೆಯವರು, ಮೇನ್ ರಾಜ್ಯದ ಸೂಸನ್ ಕಾಲಿನ್ಸ್ ಕೂಡ ಪರವಾಗಿ ಮತ ಹಾಕಿದರು. ತೆರಿಗೆಯ ನೂರಾರು ಸಾಲುಗಳ ನಡುವೆ, ವಿಮೆ ಮಾಡಿಸದವರು ಕಟ್ಟಬೇಕಿದ್ದ ದಂಡವನ್ನು 2019ರಿಂದ ಸೊನ್ನೆಗೆ ಇಳಿಸುವ ಸಾಲೂ ಇತ್ತು. ಜುಲೈ 28ರ ನಸುಕಿನಲ್ಲಿ ಬಿದ್ದ ಮಸೂದೆಯ ಮುಖ್ಯ ಅಂಶಗಳಲ್ಲಿ ಅದೂ ಒಂದಾಗಿತ್ತು.