ಸ್ಕಾಲರ್‌ಶಿಪ್‌ಗೆ ಸಹಿ ಹಾಕುವ ಮೊದಲು ಊರು ನೋಡಿ

ಹೋದ ತಿಂಗಳು ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ಅಮ್ಮ ದಾವಣಗೆರೆಯವರು, ಮಗಳು ಹುಟ್ಟಿ ಬೆಳೆದಿದ್ದು ಕ್ಯಾಲಿಫೋರ್ನಿಯಾದಲ್ಲಿ. ಡೆಂಟಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. "ಆಂಟಿ, ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಸ್ಕಾಲರ್‌ಶಿಪ್ ಹಾಕ್ತಿದ್ದೀನಿ. ಫೀಸೆಲ್ಲಾ ಅವರೇ ಕಟ್ತಾರೆ. ಓದು ಮುಗಿದ ಮೇಲೆ ಕೆಲಸ ಮಾಡಿಕೊಟ್ರೆ ಆಯ್ತು. ಒಳ್ಳೇದೇ ಅಲ್ವಾ?" ಅಂದಳು. ವೈದ್ಯರ ಕೊರತೆ ಇರುವ ಊರುಗಳಿಗೆ ವೈದ್ಯರನ್ನು ಕಳಿಸುವ ಅಮೆರಿಕ ಸರ್ಕಾರದ ಯೋಜನೆ ಅದು. ಅವಳ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

ನಾನು ಅವಳನ್ನು ತಿರುಗಿ ಕೇಳಿದೆ: "ಗೊತ್ತಿಲ್ಲದ ಊರಲ್ಲಿ ನಾಲ್ಕು ವರ್ಷ ಇರ್ತೀಯಾ?"

ಇದು ಹೆದರಿಸುವ ಮಾತಲ್ಲ. ಅಮೆರಿಕದಲ್ಲಿ ದಂತವೈದ್ಯರಾಗಲು ಎಷ್ಟು ಖರ್ಚು ಅಂತ ಗೊತ್ತಿದ್ದರೆ ಆ ಹುಡುಗಿಯ ಆಸೆ ಅರ್ಥವಾಗುತ್ತದೆ. ಸಾಲ ಮಾಡಿ ಓದಿದವರು ಕಾಲೇಜು ಬಿಡುವಾಗ ಸರಾಸರಿ 3 ಲಕ್ಷ ಡಾಲರ್ ಆಸುಪಾಸು ಹೊರೆ ಹೊತ್ತಿರುತ್ತಾರೆ. ಕೆಲವು ಖಾಸಗಿ ಕಾಲೇಜುಗಳಲ್ಲಿ ಊಟ, ಬಾಡಿಗೆ ಸೇರಿ ನಾಲ್ಕು ವರ್ಷದ ಖರ್ಚು 5 ಲಕ್ಷ ದಾಟುತ್ತದೆ.

ಈ ಸ್ಕಾಲರ್‌ಶಿಪ್ ಫೀಸು ಕಟ್ಟುತ್ತದೆ, ಪುಸ್ತಕ ಉಪಕರಣಗಳ ಖರ್ಚು ಕೊಡುತ್ತದೆ, ಕೈಖರ್ಚಿಗೆ ತಿಂಗಳಿಗಿಷ್ಟು ಅಂತಲೂ ಕೊಡುತ್ತದೆ. ಕೈಖರ್ಚಿನ ಹಣಕ್ಕೆ ಮಾತ್ರ ತೆರಿಗೆ ಉಂಟು. ಒಂದು ವರ್ಷದ ಹಣ ತೆಗೆದುಕೊಂಡರೆ ಒಂದು ವರ್ಷದ ಸೇವೆ. ಕಡಿಮೆ ಅಂದರೂ ಎರಡು, ಹೆಚ್ಚೆಂದರೆ ನಾಲ್ಕು ವರ್ಷ.

ಸೇವೆ ಎಲ್ಲಿ ಅನ್ನುವುದೇ ಮುಖ್ಯ. ದಂತವೈದ್ಯರ ಕೊರತೆ ಇರುವ ಪ್ರದೇಶಗಳಿಗೆ ಸರ್ಕಾರ ಅಂಕ ಕೊಡುತ್ತದೆ. ಸಾಮಾನ್ಯವಾಗಿ 5,000 ಜನಕ್ಕೆ ಒಬ್ಬ ದಂತವೈದ್ಯರೂ ಇಲ್ಲದಿದ್ದರೆ ಅದು ಕೊರತೆಯ ಪ್ರದೇಶ. ಅಂಕ 26ರವರೆಗೆ, ಹೆಚ್ಚಿದಷ್ಟೂ ಕೊರತೆ ಹೆಚ್ಚು. ವೈದ್ಯರು ಎಷ್ಟಿದ್ದಾರೆ, ಬಡತನ ಎಷ್ಟು, ಹತ್ತಿರದ ಬೇರೆ ಕ್ಲಿನಿಕ್ಕಿಗೆ ಎಷ್ಟು ಹೊತ್ತಿನ ದಾರಿ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇದೆಯಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸ್ಕಾಲರ್‌ಶಿಪ್ ಪಡೆದವರು ಹೆಚ್ಚು ಅಂಕದ ಜಾಗಕ್ಕೇ ಹೋಗಬೇಕು. ಆ ಪಟ್ಟಿಯೊಳಗೆ ಕೆಲಸ ಹುಡುಕಿಕೊಳ್ಳುವವರು ನೀವೇ. ಆದರೆ ನಿಮಗೆ ಬೇಕಾದ ಊರು ಆ ವರ್ಷ ಪಟ್ಟಿಯಲ್ಲಿ ಇರಬೇಕಲ್ಲ!

22ನೇ ವಯಸ್ಸಿನಲ್ಲಿ ಸಹಿ ಹಾಕುತ್ತೀರಿ. ಸೇವೆ ಶುರುವಾಗುವಾಗ 26 ದಾಟಿರುತ್ತದೆ. ಅಷ್ಟರೊಳಗೆ ಮದುವೆ ಆಗಿರಬಹುದು. ಗಂಡನ ಕೆಲಸ ಇನ್ನೊಂದು ರಾಜ್ಯದಲ್ಲಿ ಇರಬಹುದು. ಅಪ್ಪನಿಗೆ ಹುಷಾರಿಲ್ಲದಿರಬಹುದು. ಕರಾರು ಮಾತ್ರ ಹಾಗೇ ಇರುತ್ತದೆ. ಸೇವೆಗೇ ಹೋಗದಿದ್ದರೆ ಕೊಟ್ಟ ಹಣದ ಮೂರು ಪಟ್ಟು, ಮೇಲೆ ಬಡ್ಡಿ, ಒಂದು ವರ್ಷದೊಳಗೆ ಕಟ್ಟಬೇಕು. 4 ಲಕ್ಷ ಡಾಲರ್ ಪಡೆದು ಪೂರ್ತಿ ಕೈ ಎತ್ತಿದರೆ 12 ಲಕ್ಷ. ಅರ್ಧ ಸೇವೆ ಮಾಡಿ ಬಿಟ್ಟರೂ 6 ಲಕ್ಷ. ನಮ್ಮ ಊರಿನ ಬಾಂಡ್ ತರಹ ದಂಡ ಕಟ್ಟಿ ಬಂದರಾಯಿತು ಅಂತ ಯಾರೂ ಅಂದುಕೊಳ್ಳಬೇಡಿ. ಇದನ್ನು ಹೇಳಿದಾಗ ಹುಡುಗಿಯ ಅಮ್ಮ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು.

ನಾನು ಹೋದದ್ದು ಇನ್ನೊಂದು ದಾರಿ. ಕರ್ನಾಟಕದಲ್ಲಿ ಬಿಡಿಎಸ್ ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದು, ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಸಾಲ ತೆಗೆದು ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ ಕೋರ್ಸ್ ಮಾಡಿದೆ; ಹೊರದೇಶದಲ್ಲಿ ಓದಿದ ದಂತವೈದ್ಯರಿಗೆ ಇಲ್ಲಿನ ಪದವಿ ಕೊಡುವ ಕೋರ್ಸ್ ಅದು. ಸಾಲ 2 ಲಕ್ಷ ಡಾಲರ್ ದಾಟಿತ್ತು. ಕ್ಯಾಲಿಫೋರ್ನಿಯಾದ ತೋಟಗಳ ಸೀಮೆ ಸೆಂಟ್ರಲ್ ವ್ಯಾಲಿಯ ಒಂದು ಕಮ್ಯೂನಿಟಿ ಕ್ಲಿನಿಕ್ಕಿಗೆ ಸೇರಿದೆ. ಪೌರತ್ವ ಬರುವ ತನಕ ಕಾದು, ಆಮೇಲೆ ಅದೇ ಸರ್ವಿಸ್ ಕೋರ್‌ನ ಸಾಲ ತೀರಿಸುವ ಯೋಜನೆಗೆ ಅರ್ಜಿ ಹಾಕಿದೆ. ದಂತವೈದ್ಯರಿಗೆ ಎರಡು ವರ್ಷದ ಪೂರ್ಣಾವಧಿ ಸೇವೆಗೆ 50,000 ಡಾಲರ್‌ವರೆಗೆ, ಅದಕ್ಕೆ ತೆರಿಗೆ ಇಲ್ಲ. ಸಾಲ ಉಳಿದಿದ್ದರೆ ವರ್ಷ ವರ್ಷ ಮುಂದುವರಿಸಲು ಅರ್ಜಿ ಹಾಕಬಹುದು.

ಮೊತ್ತ ಸಣ್ಣದು, ನಿಜ. ಆದರೆ ಇಲ್ಲಿ ಮೊದಲು ಕೆಲಸ, ಆಮೇಲೆ ಸಹಿ. ಊರು ನೋಡಿದ್ದೆ. ಕ್ಲಿನಿಕ್ಕಿನ ಜನ ಗೊತ್ತಿದ್ದರು. ಗಂಡ ಸ್ಯಾನ್ ಹೋಸೆಯಲ್ಲಿ, ನಾನು ಇಲ್ಲಿ, ವಾರಕ್ಕೊಮ್ಮೆ ಓಡಾಟ. ಅದು ನಡೆಯುತ್ತದಾ ಇಲ್ಲವಾ ಅಂತ ಇಬ್ಬರೂ ನೋಡಿಯೇ ಸಹಿ ಹಾಕಿದೆವು. ಕ್ಲಿನಿಕ್ ಲಾಭರಹಿತ ಸಂಸ್ಥೆ. ಹಾಗಾಗಿ 2007ರ ಕಾನೂನಿನಲ್ಲಿ ಬಂದ ಸಾರ್ವಜನಿಕ ಸೇವೆಯ ಸಾಲಮನ್ನಾಕ್ಕೂ ಅದೇ ದಿನಗಳು ಲೆಕ್ಕಕ್ಕೆ ಬಂದವು. ಅದರಲ್ಲಿ 120 ಕಂತು ಕಟ್ಟಿದ ಮೇಲೆ ಉಳಿದ ಫೆಡರಲ್ ಸಾಲ, ಅಂದರೆ ಕೇಂದ್ರ ಸರ್ಕಾರದ ಸಾಲ, ಮನ್ನಾ.

ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ನಡುವಿನ ಒಂದು ದಾರಿಯೂ ಇದೆ. ಸರ್ವಿಸ್ ಕೋರ್‌ನದೇ, ಸ್ಟೂಡೆಂಟ್ಸ್ ಟು ಸರ್ವಿಸ್ ಅಂತ. ಮೂರು ವರ್ಷದ ಸೇವೆಗೆ ಸಾಲ ತೀರಿಸಲು 1,20,000 ಡಾಲರ್‌ವರೆಗೆ. ನನ್ನ ಮಟ್ಟಿಗೆ ಬಹಳ ಮಕ್ಕಳಿಗೆ ಇದೇ ಹೊಂದುತ್ತದೆ, ಯಾಕೆಂದರೆ ಅಷ್ಟು ಹೊತ್ತಿಗೆ ತಾವು ಏನು ಅಂತ ಅವರಿಗೇ ಗೊತ್ತಿರುತ್ತದೆ. ಸೈನ್ಯದ ಸ್ಕಾಲರ್‌ಶಿಪ್ ಬೇರೆಯೇ ಬದುಕು. ಪೂರ್ತಿ ಫೀಸು, ತಿಂಗಳಿಗೆ 2,000 ಡಾಲರ್‌ಗೂ ಜಾಸ್ತಿ ಕೈಖರ್ಚು. ಆದರೆ ಯೂನಿಫಾರ್ಮ್ ಹಾಕುವ ಮನಸ್ಸು ಇದ್ದವರಿಗೆ ಮಾತ್ರ ಅದನ್ನು ಹೇಳುತ್ತೇನೆ.

ನನ್ನ ಈ ಸಲಹೆಗೆ ಈಗ ಒಂದು ತೊಡಕು ಬಂದಿದೆ, ಅದನ್ನು ಮುಚ್ಚಿಡಬಾರದು. 2025ರ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಓದಿನ ಪೂರ್ತಿ ಖರ್ಚಿಗೂ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಅನ್ನುವ ಫೆಡರಲ್ ಸಾಲ ಇಲ್ಲ. ವೃತ್ತಿಪರ ಕೋರ್ಸಿಗೆ ಫೆಡರಲ್ ಸಾಲ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್‌ಗೆ ಸೀಮಿತ. ಉಳಿದದ್ದಕ್ಕೆ ಖಾಸಗಿ ಸಾಲ. ಖಾಸಗಿ ಸಾಲಕ್ಕೆ 120 ಕಂತಿನ ಮನ್ನಾ ಅನ್ವಯಿಸುವುದಿಲ್ಲ. ದುಬಾರಿ ಕಾಲೇಜಿಗೆ ಹೋಗುವವರಿಗೆ "ಮೊದಲು ಓದು, ಸಾಲ ಆಮೇಲೆ ನೋಡೋಣ" ಅಂತ ಸುಮ್ನೆ ಹೇಳುವ ಧೈರ್ಯ ಈಗ ನನಗಿಲ್ಲ.

ಭಾರತದಿಂದ ಬಿಡಿಎಸ್ ಮಾಡಿ ಬರುವವರು ಇನ್ನೊಂದು ವಿಷಯ ತಿಳಿದಿರಲಿ. ಸರ್ವಿಸ್ ಕೋರ್‌ನ ಯೋಜನೆಗಳು ಅಮೆರಿಕದ ಪೌರರಿಗೆ ಮಾತ್ರ. ವೀಸಾ ಇದ್ದವರಿಗಿಲ್ಲ, ಗ್ರೀನ್ ಕಾರ್ಡ್ ಇದ್ದರೂ ಸಾಲದು. ಇದನ್ನೇ ನಂಬಿ ಸಾಲ ತೆಗೆಯಬೇಡಿ.

ಹುಡುಗಿಗೆ ಒಂದೇ ಮಾತು ಹೇಳಿದೆ: ಸಹಿ ಹಾಕುವ ಮೊದಲು ಒಂದು ದಿನ ನನ್ನ ಜೊತೆ ಕ್ಲಿನಿಕ್ಕಿಗೆ ಬಾ.

ಬುಧವಾರ ಬಂದಳು. ದಾರಿಯುದ್ದಕ್ಕೂ ಬಾದಾಮಿ ತೋಟ, ದೂಳು. ಮೊದಲ ರೋಗಿ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವವನು. ಕೆಳದವಡೆ ಊದಿಕೊಂಡು ಬಾಯಿ ಎರಡು ಬೆರಳಗಲ ಕೂಡ ತೆರೆಯುತ್ತಿರಲಿಲ್ಲ. ಮೂರು ವಾರ ಮಾತ್ರೆ ನುಂಗಿಕೊಂಡೇ ಕೆಲಸಕ್ಕೆ ಹೋಗಿದ್ದಾನೆ. ಒಂದು ದಿನದ ಕೂಲಿ ಬಿಟ್ಟು ಬಂದಿದ್ದ. ಕೀವು ತೆಗೆದು ಗಾಜ್ ಇಟ್ಟಾಗ ಅವನ ಭುಜ ನಿಧಾನಕ್ಕೆ ಕೆಳಗಿಳಿಯಿತು. ಹುಡುಗಿ ಮೂಲೆಯಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು.

ಸಂಜೆ ಕಾರಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಆಂಟಿ, ಇಲ್ಲಿ ಬಾಡಿಗೆ ಎಷ್ಟು?"