ಅಮೆರಿಕದ ಕಾಲೇಜು ಕ್ರೀಡೆ: ಆದಾಯ ಏರಿದಷ್ಟೂ ಸಾಲದ ಆಯವ್ಯಯ

2025ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯವೊಂದು ಒಪ್ಪಿಗೆಯ ಮುದ್ರೆ ಒತ್ತಿದ, ಆಟಗಾರರು ಹೂಡಿದ್ದ ದಾವೆಯ ರಾಜಿ ಒಪ್ಪಂದದ ಫಲವಾಗಿ, ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡುವ ಕಾಲ ಬಂದಿದೆ. ಮೊದಲ ವರ್ಷದಲ್ಲಿ ಒಂದು ವಿಶ್ವವಿದ್ಯಾಲಯ ಹೀಗೆ ಹಂಚಬಹುದಾದ ಗರಿಷ್ಠ ಮೊತ್ತ 2.05 ಕೋಟಿ ಡಾಲರ್. ಇದಲ್ಲದೆ ಹಿಂದಿನ ವರ್ಷಗಳ ಆಟಗಾರರಿಗೆ ಪರಿಹಾರವಾಗಿ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪಾವತಿಯಾಗಬೇಕು. ಈ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಎದ್ದಾಗ, ವರ್ಷಕ್ಕೆ 25 ಕೋಟಿ ಡಾಲರ್‌ಗೂ ಹೆಚ್ಚು ಗಳಿಸುವ ಒಹಾಯೊ ಸ್ಟೇಟ್‌ನಂಥ ಕ್ರೀಡಾ ವಿಭಾಗಗಳಿರುವ ದೇಶದಲ್ಲಿ ಅದೊಂದು ಪ್ರಶ್ನೆಯೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಪ್ರಕಟಿಸಿದ 2019ರ ಲೆಕ್ಕದ ಪ್ರಕಾರ, ಅದರ ಸುಮಾರು 1,100 ಸದಸ್ಯ ಸಂಸ್ಥೆಗಳಲ್ಲಿ ಕ್ರೀಡೆಯಿಂದ ಗಳಿಸಿದ್ದು ಖರ್ಚಿಗಿಂತ ಹೆಚ್ಚಿದ್ದುದು ಕೇವಲ 25ರಲ್ಲಿ. ಉಳಿದೆಲ್ಲ ಕಡೆ ಕೊರತೆಯನ್ನು ಬೇರೆ ಯಾರೋ ತುಂಬುತ್ತಿದ್ದಾರೆ. ಆ ಬೇರೆಯವರಲ್ಲಿ ಅಲ್ಲಿ ಓದಲು ಹೋಗಿರುವ ಕನ್ನಡದ ಮಕ್ಕಳೂ, ಅವರ ಶುಲ್ಕ ಕಟ್ಟುವ ತಂದೆತಾಯಿಯರೂ ಸೇರಿದ್ದಾರೆ.

ಕ್ರೀಡೆಗೂ ಹಣಕ್ಕೂ ಅಲ್ಲಿ ನಂಟು ಬೆಳೆದದ್ದು ಇತ್ತೀಚೆಗಲ್ಲ. 1852ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ವಿನ್ನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳ ನಡುವೆ ನಡೆದ ಮೊಟ್ಟಮೊದಲ ಅಂತರ ಕಾಲೇಜು ದೋಣಿ ಸ್ಪರ್ಧೆಯ ಖರ್ಚು ಹೊತ್ತದ್ದು ಒಂದು ರೈಲ್ವೆ ಕಂಪನಿ. ಸ್ಪರ್ಧೆ ನೋಡಲು ಬರುವವರು ತನ್ನ ರೈಲು ಹತ್ತುತ್ತಾರೆ ಎಂಬುದು ಅದರ ಲೆಕ್ಕಾಚಾರ. ಅಮೆರಿಕನ್ ಫುಟ್‌ಬಾಲ್ (ನಮ್ಮಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಮೈದಾನದ ಸಾವುಗಳು ದೇಶವನ್ನೇ ಕಂಗೆಡಿಸಿದ ಮೇಲೆ 1906ರಲ್ಲಿ ಇಂದಿನ ಎನ್‌ಸಿಎಎಗೆ ಅಡಿಪಾಯ ಬಿತ್ತು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ವರದಿ ಆಟಗಾರರಿಗೆ ಸಲ್ಲುತ್ತಿದ್ದ ಗುಪ್ತ ಸಹಾಯಧನವನ್ನು ಬಯಲಿಗೆ ತಂದಿತು. 1956ರ ಹೊತ್ತಿಗೆ ಪೂರ್ಣ ವಿದ್ಯಾರ್ಥಿವೇತನಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಅಲ್ಲಿಯವರೆಗೂ, ಅದಾದ ಮೇಲೂ ಹಲವು ವರ್ಷ, ಕ್ರೀಡಾ ವಿಭಾಗದ ಮುಖ್ಯ ಆದಾಯ ಗೇಟಿನಲ್ಲಿ ಮಾರಾಟವಾಗುವ ಟಿಕೆಟ್. ದೂರದರ್ಶನದಿಂದ ಪ್ರೇಕ್ಷಕರು ಮನೆಯಲ್ಲೇ ಉಳಿದಾರು ಎಂಬ ಭಯದಿಂದ, ವಾರಕ್ಕೆ ಎಷ್ಟು ಪಂದ್ಯ ಪ್ರಸಾರವಾಗಬೇಕು, ಒಂದು ತಂಡ ಎಷ್ಟು ಸಲ ತೆರೆಯ ಮೇಲೆ ಕಾಣಬೇಕು ಎಂಬುದನ್ನೆಲ್ಲ ಎನ್‌ಸಿಎಎ 1950ರ ದಶಕದಿಂದ ತಾನೇ ನಿರ್ಧರಿಸುತ್ತಿತ್ತು.

ಆ ಹಿಡಿತ ಸಡಿಲಿದ್ದು 1984ರಲ್ಲಿ. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಹೂಡಿದ್ದ ದಾವೆಯಲ್ಲಿ, ಪ್ರಸಾರದ ಮೇಲಿನ ಈ ನಿಯಂತ್ರಣ ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಕೊಲರಾಡೊ ವಿಶ್ವವಿದ್ಯಾಲಯದ ಹಳೆಯ ಫುಟ್‌ಬಾಲ್ ಆಟಗಾರರು. ಕಾಲೇಜು ಕ್ರೀಡೆಯನ್ನು ಬರಿಯ ವ್ಯಾಪಾರವೆಂದು ಪರಿಗಣಿಸಬಾರದು ಎಂಬುದು ಅವರ ನಿಲುವಾಗಿತ್ತು. ಮಾರುಕಟ್ಟೆಗೆ ಒಮ್ಮೆಲೇ ಹೆಚ್ಚು ಪಂದ್ಯಗಳು ಬಂದದ್ದರಿಂದ ಮೊದಮೊದಲು ಹಕ್ಕಿನ ಬೆಲೆ ಇಳಿಯಿತು. ಆದರೆ ಮಾರುವ ಅಧಿಕಾರ ಎನ್‌ಸಿಎಎ ಕೈಯಿಂದ ವಿಶ್ವವಿದ್ಯಾಲಯಗಳಿಗೆ, ಅವುಗಳಿಂದ ಅವು ಕಟ್ಟಿಕೊಂಡಿರುವ ಕಾನ್ಫರೆನ್ಸ್ ಎಂಬ ಪ್ರಾದೇಶಿಕ ಕೂಟಗಳಿಗೆ ಶಾಶ್ವತವಾಗಿ ದಾಟಿಹೋಯಿತು. ಇಂದಿನ ಗೋಜಲನ್ನು ಅರ್ಥಮಾಡಿಕೊಳ್ಳಬೇಕಾದರೆ ಈ ಒಂದು ಸಂಗತಿಯನ್ನು ನೆನಪಿಡಬೇಕು: ಅತಿ ಹೆಚ್ಚು ಹಣ ತರುವ ಫುಟ್‌ಬಾಲ್ ಪ್ಲೇಆಫ್ ಪಂದ್ಯಗಳು ಎನ್‌ಸಿಎಎಗೆ ಸೇರಿದವಲ್ಲ. 2024ರಲ್ಲಿ ಇಎಸ್‌ಪಿಎನ್ ಜೊತೆ ಆದ, ವರ್ಷಕ್ಕೆ ಸರಾಸರಿ 130 ಕೋಟಿ ಡಾಲರ್‌ಗಳ ಒಪ್ಪಂದದ ಹಣ ನೇರವಾಗಿ ಕಾನ್ಫರೆನ್ಸ್‌ಗಳಿಗೆ ಹೋಗುತ್ತದೆ. ಎನ್‌ಸಿಎಎ ಬದುಕಿರುವುದು ಮಾರ್ಚ್ ತಿಂಗಳ ಬ್ಯಾಸ್ಕೆಟ್‌ಬಾಲ್ ಟೂರ್ನಿಯಿಂದ. 2010ರಲ್ಲಿ ಅದರ ಪ್ರಸಾರ ಹಕ್ಕು 14 ವರ್ಷಗಳಿಗೆ 1,080 ಕೋಟಿ ಡಾಲರ್‌ಗೆ ಮಾರಾಟವಾಗಿತ್ತು. ಎಲ್ಲರಿಗೂ ಹಂಚಿ ಉಣ್ಣುವ ಪಾಲು ಒಂದು ಕಡೆ, ಬಲಿಷ್ಠರು ತಮ್ಮಲ್ಲೇ ಹಂಚಿಕೊಳ್ಳುವ ಪಾಲು ಇನ್ನೊಂದು ಕಡೆ.

2007ರಲ್ಲಿ ಬಿಗ್ ಟೆನ್ ಕಾನ್ಫರೆನ್ಸ್ ತನ್ನದೇ ಚಾನೆಲ್ ಆರಂಭಿಸಿದಾಗ ಪ್ರಸಾರದ ಆದಾಯಕ್ಕೆ ಹೊಸ ದಾರಿ ತೆರೆಯಿತು. ಆ ಚಾನೆಲ್ ತಲುಪುವ ಪ್ರತಿ ಕೇಬಲ್ ಮನೆಯಿಂದಲೂ ತಿಂಗಳಿಗೆ ಇಷ್ಟೆಂದು ಹಣ ಬರುತ್ತಿತ್ತು, ಆ ಮನೆಯಲ್ಲಿ ಫುಟ್‌ಬಾಲ್ ನೋಡುವವರು ಇರಲಿ, ಇಲ್ಲದಿರಲಿ. ಮಧ್ಯ ಪಶ್ಚಿಮದ ಈ ಕೂಟ 2014ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳನ್ನು ಸೇರಿಸಿಕೊಂಡದ್ದರ ಹಿಂದೆ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಸುತ್ತಲಿನ ಕೇಬಲ್ ಮನೆಗಳ ಎಣಿಕೆಯಿತ್ತು. ಇದೇ ತರ್ಕ ಮುಂದುವರಿದು, 2024ರಲ್ಲಿ ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳು ಅದೇ ಕೂಟಕ್ಕೆ ಸೇರಿದವು. ಶತಮಾನದ ಇತಿಹಾಸವಿದ್ದ ಪಶ್ಚಿಮ ತೀರದ ಪ್ಯಾಕ್-12 ಕೂಟದಲ್ಲಿ ಕೊನೆಗೆ ಉಳಿದದ್ದು ಎರಡೇ ಸದಸ್ಯರು.

ಇಷ್ಟೊಂದು ಹಣ ಬಂದರೂ ಉಳಿತಾಯ ಏಕಿಲ್ಲ? ಕ್ರೀಡಾ ವಿಭಾಗಕ್ಕೆ ಮಾಲೀಕರಿಲ್ಲ, ಷೇರುದಾರರಿಲ್ಲ, ಲಾಭಾಂಶ ಕೇಳುವವರೂ ಇಲ್ಲ. ಉಳಿಸಿದರೆ ಯಾರೂ ಹೊಗಳುವುದಿಲ್ಲ, ಸೋತರೆ ಎಲ್ಲರೂ ತೆಗಳುತ್ತಾರೆ. ಆಟಗಾರರಿಗೆ ವಿದ್ಯಾರ್ಥಿವೇತನದ ಆಚೆಗೆ ಏನೂ ಕೊಡಬಾರದೆಂಬ ನಿಯಮ ಇದ್ದಷ್ಟು ಕಾಲ, ಅವರನ್ನು ಸೆಳೆಯಲು ಪೈಪೋಟಿ ನಡೆಯಬಹುದಾಗಿದ್ದದ್ದು ತರಬೇತುದಾರರ ಸಂಬಳ ಮತ್ತು ಕಟ್ಟಡ, ಈ ಎರಡರಲ್ಲಿ ಮಾತ್ರ. ಹಾಗಾಗಿ ಬಂದ ಹಣ ಅಲ್ಲಿಗೇ ಹರಿಯಿತು. ಬಹಳಷ್ಟು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರರು ರಾಜ್ಯಪಾಲರೂ ಅಲ್ಲ, ವೈದ್ಯಕೀಯ ಕಾಲೇಜಿನ ಮುಖ್ಯಸ್ಥರೂ ಅಲ್ಲ. ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತರಬೇತುದಾರರು. 2023ರ ನವೆಂಬರ್‌ನಲ್ಲಿ ಟೆಕ್ಸಾಸ್‌ನ ವಿಶ್ವವಿದ್ಯಾಲಯವೊಂದು ತನ್ನ ತರಬೇತುದಾರರನ್ನು ಅವಧಿಗೆ ಮುನ್ನ ಬಿಡುಗಡೆ ಮಾಡಿದಾಗ, ಕೆಲಸ ಮಾಡದ ವರ್ಷಗಳಿಗಾಗಿ ತೆರಬೇಕಾಗಿ ಬಂದ ಮೊತ್ತ 7.5 ಕೋಟಿ ಡಾಲರ್ ದಾಟಿತ್ತು.

ಕಟ್ಟಡದ ಕಥೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ಗಿಂತ ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ಅಲ್ಲಿನ ಮೆಮೋರಿಯಲ್ ಸ್ಟೇಡಿಯಂ 1923ರಲ್ಲಿ ತೆರೆದದ್ದು, ಹೇವರ್ಡ್ ಭೂಭ್ರಂಶ ಎಂಬ, ಭೂಕಂಪಕ್ಕೆ ಕಾರಣವಾಗಬಲ್ಲ ನೆಲದಾಳದ ಬಿರುಕು ಅದರ ಕೆಳಗೇ ಹಾದುಹೋಗುತ್ತದೆ. ಭೂಕಂಪದ ಅಪಾಯ ನಿಜವಾದದ್ದೇ, ದುರಸ್ತಿ ಅಗತ್ಯವೂ ಆಗಿತ್ತು. ಸುಮಾರು 32 ಕೋಟಿ ಡಾಲರ್ ವೆಚ್ಚದ ನವೀಕರಣಕ್ಕೆ ಸಾರ್ವಜನಿಕ ಹಣ ಬೇಕಾಗುವುದಿಲ್ಲ ಎಂದು ಯೋಜನೆ ರೂಪಿಸಿದವರು ನಂಬಿದ್ದರು. ಸುಮಾರು 3,000 ಒಳ್ಳೆಯ ಆಸನಗಳ ಹಕ್ಕನ್ನು 40-50 ವರ್ಷಗಳ ಅವಧಿಗೆ ಅಭಿಮಾನಿಗಳಿಗೆ ಮಾರಿ, ಬಂದ ಹಣವನ್ನು ನಿಧಿಯಾಗಿಸಿ, ಅದರ ಗಳಿಕೆಯಿಂದ ಸಾಲ ತೀರಿಸುವುದು ಯೋಜನೆ. ಆದರೆ ಕೊಳ್ಳುವವರು ಪೂರ್ತಿ ಹಣವನ್ನು ಒಮ್ಮೆಗೇ ಕಟ್ಟಬೇಕಿರಲಿಲ್ಲ. ಆರ್ಥಿಕ ಹಿಂಜರಿತ ಬಂತು, ಮಾರಾಟ ಅಂದಾಜನ್ನು ಮುಟ್ಟಲಿಲ್ಲ. 2012ರಲ್ಲಿ ಹೊಸ ಸ್ಟೇಡಿಯಂ ತೆರೆದ ವರ್ಷ ತಂಡ ಮೂರೇ ಪಂದ್ಯ ಗೆದ್ದಿತು, ಮರುವರ್ಷ ಒಂದೇ ಒಂದು. ಈ ನಡುವೆ, 2010ರಲ್ಲಿ, ಬೇಸ್‌ಬಾಲ್ ಸೇರಿ ಐದು ತಂಡಗಳ ಮೇಲೆ ಕತ್ತಿ ಬೀಸುವ ನಿರ್ಧಾರ ಪ್ರಕಟವಾಗಿತ್ತು. ದಾನಿಗಳು ಹಣ ಕೂಡಿಸಿ ಉಳಿಸಿಕೊಂಡ ಆ ಬೇಸ್‌ಬಾಲ್ ತಂಡ 2011ರಲ್ಲಿ ರಾಷ್ಟ್ರೀಯ ಅಂತಿಮ ಸುತ್ತಿನ ಎಂಟು ತಂಡಗಳಲ್ಲಿ ಒಂದಾಯಿತು. ಕೊನೆಗೆ 2018ರ ಹೊತ್ತಿಗೆ ಸ್ಟೇಡಿಯಂ ಸಾಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕ್ರೀಡಾ ವಿಭಾಗದ ಪುಸ್ತಕದಿಂದ ತೆಗೆದು ಕ್ಯಾಂಪಸ್ ತನ್ನ ಹೆಗಲಿಗೆ ಹಾಕಿಕೊಂಡಿತು. ಕ್ರೀಡಾ ವಿಭಾಗದ ಲೆಕ್ಕ ಇದರಿಂದ ಸುಧಾರಿಸಿದಂತೆ ಕಂಡಿತು. ಸಾಲ ಮಾತ್ರ ಕರಗಲಿಲ್ಲ.

ಆಸನ ಮಾರುವ ಈ ಪದ್ಧತಿಗೆ ತೆರಿಗೆಯ ಆಸರೆಯೂ ಇತ್ತು ಎಂಬುದು ಹೆಚ್ಚು ಚರ್ಚೆಗೆ ಬಾರದ ಸಂಗತಿ. ಒಳ್ಳೆಯ ಆಸನದ ಟಿಕೆಟ್ ಕೊಳ್ಳಬೇಕಾದರೆ ಮೊದಲು ‘ದೇಣಿಗೆ’ ಕೊಡಬೇಕೆಂಬ ಷರತ್ತನ್ನು ದೊಡ್ಡ ವಿಶ್ವವಿದ್ಯಾಲಯಗಳು ವಿಧಿಸುತ್ತಿದ್ದವು. ಆ ದೇಣಿಗೆಯ ಶೇ 80ರಷ್ಟಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡುವ ಕಾನೂನು 1988ರಲ್ಲಿ ಬಂದು 2017ರವರೆಗೂ ಉಳಿಯಿತು. ಮೂರು ದಶಕಗಳ ಕಾಲ ಸ್ಟೇಡಿಯಂ ಕಡೆ ಸುಳಿಯದ ತೆರಿಗೆದಾರರೂ ಆ ಆಸನಗಳ ಬೆಲೆಯ ಒಂದು ಪಾಲನ್ನು ಹೊತ್ತಂತಾಯಿತು.

ಟಿ.ವಿ. ಹಣವೂ ಇಲ್ಲದ, ಶ್ರೀಮಂತ ಅಭಿಮಾನಿಗಳೂ ಇಲ್ಲದ ಸಣ್ಣ ಸಂಸ್ಥೆಗಳಿಗೆ ಉಳಿದ ದಾರಿಗಳು ಎರಡು. ಮೊದಲನೆಯದು, ದೊಡ್ಡ ತಂಡದ ಮೈದಾನಕ್ಕೆ ಹೋಗಿ, ಹಣ ಪಡೆದು, ಸಾಮಾನ್ಯವಾಗಿ ಸೋತು ಬರುವುದು. 2007ರ ಸೆಪ್ಟೆಂಬರ್ 1ರಂದು ನಾರ್ತ್ ಕ್ಯಾರೊಲಿನಾದ ಗುಡ್ಡಗಾಡಿನ ಅಪಲಾಚಿಯನ್ ಸ್ಟೇಟ್ ತಂಡ ನಾಲ್ಕು ಲಕ್ಷ ಡಾಲರ್ ಶುಲ್ಕಕ್ಕೆ ಮಿಶಿಗನ್‌ಗೆ ಹೋಗಿ, ಲಕ್ಷಕ್ಕೂ ಮೀರಿದ ಪ್ರೇಕ್ಷಕರ ಎದುರು 34-32ರಿಂದ ಗೆದ್ದದ್ದು ಚರಿತ್ರೆಯಾಯಿತು. ಅದು ಚರಿತ್ರೆಯಾದದ್ದೇ ಅಂಥ ಪಂದ್ಯಗಳಲ್ಲಿ ಸೋಲು ಎಷ್ಟು ಮಾಮೂಲು ಎಂಬುದಕ್ಕೆ ಸಾಕ್ಷಿ.

ಎರಡನೆಯ ದಾರಿ ವಿದ್ಯಾರ್ಥಿ ಶುಲ್ಕ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಗಮನ ಬೇಡುವ ಭಾಗ ಇದೇ. ಕೆಲವೆಡೆ ಅದು ಶುಲ್ಕಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣುತ್ತದೆ. ಇನ್ನು ಕೆಲವೆಡೆ ‘ಸಾಮಾನ್ಯ ಶುಲ್ಕ’ದೊಳಗೆ ಅಡಗಿರುತ್ತದೆ. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಕ್ರೀಡೆಗೆಂದು ಒಬ್ಬ ವಿದ್ಯಾರ್ಥಿ ತೆರುವ ಮೊತ್ತ ವರ್ಷಕ್ಕೆ 2,000 ಡಾಲರ್ ಮೀರಿದೆ. ಆ ರಾಜ್ಯದ ಶಾಸನಸಭೆ ಕ್ರೀಡಾ ಆಯವ್ಯಯದಲ್ಲಿ ಶುಲ್ಕದ ಪಾಲಿಗೆ ಮಿತಿ ಹಾಕುವ ಕಾನೂನನ್ನು 2015ರಲ್ಲಿ ತಂದದ್ದೇ ಸಮಸ್ಯೆಯ ಗಾತ್ರವನ್ನು ಹೇಳುತ್ತದೆ. ಪಂದ್ಯ ನೋಡುವವರು, ನೋಡದವರು, ಹಗಲು ಕೆಲಸ ಮಾಡಿ ಸಂಜೆ ತರಗತಿಗೆ ಬರುವವರು, ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದವರು ಎಲ್ಲರೂ ಇದನ್ನು ಕಟ್ಟುತ್ತಾರೆ. ಸಾಲ ಪಡೆದು ಕಟ್ಟಿದವರು ಪದವಿ ಮುಗಿಸಿದ ಮೇಲೂ ಅದರ ಬಡ್ಡಿ ತೆರುತ್ತಿರುತ್ತಾರೆ.

ಲೆಕ್ಕ ಓದುವಾಗ ಒಂದು ಎಚ್ಚರ ಬೇಕು. ವಿದ್ಯಾರ್ಥಿವೇತನ ಕ್ರೀಡಾ ವಿಭಾಗದ ಪುಸ್ತಕದಲ್ಲಿ ಖರ್ಚು, ವಿಶ್ವವಿದ್ಯಾಲಯದ ಪುಸ್ತಕದಲ್ಲಿ ಆದಾಯ. ಆದ್ದರಿಂದ ಕೊರತೆಯ ಒಂದು ಅಂಶ ಒಂದೇ ಸಂಸ್ಥೆಯ ಎಡಜೇಬಿನಿಂದ ಬಲಜೇಬಿಗೆ ಹೋದ ಹಣ. 1972ರ ಟೈಟಲ್ ನೈನ್ ಕಾನೂನು ಮಹಿಳೆಯರಿಗೆ ಸಮಾನ ಅವಕಾಶ ಕಡ್ಡಾಯ ಮಾಡಿದ್ದರಿಂದಲೇ ಖರ್ಚು ಕೈಮೀರಿತು ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಆದರೆ ದೊಡ್ಡ ಸಂಸ್ಥೆಗಳಲ್ಲಿ ಖರ್ಚಿನ ಅತಿ ದೊಡ್ಡ ಬಾಬತ್ತು ಪುರುಷರ ಫುಟ್‌ಬಾಲೇ ಆಗಿರುವಾಗ ಆ ಮಾತನ್ನು ಒಪ್ಪುವುದು ಕಷ್ಟ.

2021ರಲ್ಲಿ, ಆಟಗಾರರಿಗೆ ಸಿಗುವ ಶಿಕ್ಷಣ ಸಂಬಂಧಿ ಸೌಲಭ್ಯಗಳ ಮೇಲಿನ ಮಿತಿಯನ್ನು ಪ್ರಶ್ನಿಸಿದ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎನ್‌ಸಿಎಎ ವಿರುದ್ಧ ಸರ್ವಾನುಮತದ ತೀರ್ಪು ಕೊಟ್ಟಿತು, ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರ ಬಳಸಿ ಜಾಹೀರಾತಿನಿಂದ ಗಳಿಸಲು ಅವಕಾಶವಾಯಿತು. ಅದರ ಮುಂದಿನ ಹಂತವೇ 2025ರ ರಾಜಿ. ದಶಕಗಳ ಕಾಲ ದುಡಿದವರಿಗೆ ಪಾಲು ಸಿಕ್ಕಿದ್ದು ನ್ಯಾಯವೇ. ಆದರೆ ಆ ಪಾಲಿಗೆ ಜಾಗ ಮಾಡಲು ತರಬೇತುದಾರರ ಸಂಬಳವಾಗಲಿ, ಕಟ್ಟಡದ ವೆಚ್ಚವಾಗಲಿ ಮೊದಲು ಕಡಿತವಾದಂತೆ ಕಾಣುವುದಿಲ್ಲ. ಟೆನ್ನೆಸ್ಸಿ ವಿಶ್ವವಿದ್ಯಾಲಯ ಟಿಕೆಟ್ ಮೇಲೆ ಶೇ 10ರ ‘ಪ್ರತಿಭಾ ಶುಲ್ಕ’ ಹಾಕಿದೆ. ಲೂಸಿಯಾನಾ ಕ್ರೀಡಾ ಬೆಟ್ಟಿಂಗ್ ಮೇಲಿನ ತೆರಿಗೆಯನ್ನು ಶೇ 15ರಿಂದ 21.5ಕ್ಕೆ ಏರಿಸಿ ಅದರ ಒಂದು ಭಾಗವನ್ನು ಸರ್ಕಾರಿ ವಿಶ್ವವಿದ್ಯಾಲಯಗಳ ಕ್ರೀಡೆಗೆ ಮೀಸಲಿಟ್ಟಿದೆ. ಕ್ಲೆಮ್ಸನ್ ವಿಶ್ವವಿದ್ಯಾಲಯ ಪ್ರತಿ ಸೆಮಿಸ್ಟರ್‌ಗೆ 150 ಡಾಲರ್‌ಗಳ ವಿದ್ಯಾರ್ಥಿ ಶುಲ್ಕವನ್ನು 2025ರಿಂದ ಹೊಸದಾಗಿ ಜಾರಿಗೊಳಿಸಿದೆ. 280 ಕೋಟಿಯ ಪರಿಹಾರದ ಒಂದು ದೊಡ್ಡ ಭಾಗ, ಎನ್‌ಸಿಎಎ ತನ್ನ ಮೊದಲ ದರ್ಜೆಯ ಎಲ್ಲ ಸಂಸ್ಥೆಗಳಿಗೆ ಪ್ರತಿವರ್ಷ ಹಂಚುವ ಬ್ಯಾಸ್ಕೆಟ್‌ಬಾಲ್ ಹಣದಿಂದಲೇ ಮುಂದಿನ ಹತ್ತು ವರ್ಷ ಕಡಿತವಾಗಲಿದೆ. ಫುಟ್‌ಬಾಲ್ ತಂಡವೇ ಇಲ್ಲದ, ಆ ಪ್ರಸಾರದ ಹಣದಲ್ಲಿ ಬಿಡಿಗಾಸನ್ನೂ ಕಾಣದ ಕಾಲೇಜುಗಳು ಕೂಡ ಅದರಲ್ಲಿ ಸೇರಿವೆ, ಮತ್ತು ಆ ಕೊರತೆಯನ್ನು ತುಂಬಲು ಅವುಗಳ ಬಳಿ ಇರುವ ಮುಖ್ಯ ಮೂಲ ವಿದ್ಯಾರ್ಥಿಗಳ ಶುಲ್ಕವೇ.