ಎರಡನೆಯವರು ಯಾರು?

“ಮೇಡಂ, ನಮ್ಮೂರಲ್ಲೂ ಒಂದು ಶಾಖೆ ಶುರು ಮಾಡೋಣ ಅಂತಿದ್ದೀನಿ.”

ವರ್ಷಕ್ಕೆ ಏಳೆಂಟು ಸಲವಾದರೂ ನನಗೆ ಇಂಥ ಫೋನ್ ಬರುತ್ತದೆ. ಹೊಟ್ಟೆಪಾಡಿಗೆ ನಾನು ಡೇಟಾ ವಿಶ್ಲೇಷಣೆ ಮಾಡುವವಳು. ವಿಜ್ಞಾನ, ತಂತ್ರಜ್ಞಾನದ ಕ್ಷೇತ್ರದಲ್ಲಿರುವ ಹೆಣ್ಣುಮಕ್ಕಳ, ಹಲವು ದೇಶಗಳಲ್ಲಿ ಶಾಖೆಗಳಿರುವ ಜಾಲವೊಂದರ ಕೆಲಸ ಏನಿದ್ದರೂ ಸಂಜೆ ಮತ್ತು ಶನಿವಾರ, ಸಂಬಳವಿಲ್ಲದೆ. ಫೋನ್ ಮಾಡುವವರು ತುಂಬಾ ಹುರುಪಿನಲ್ಲಿರುತ್ತಾರೆ. ಲೋಗೋ ಕಳಿಸಿ ಅಂತಾರೆ, ಟೀ ಶರ್ಟ್ ಸಿಗುತ್ತಾ ಅಂತಾರೆ, ಉದ್ಘಾಟನೆಗೆ ಯಾರನ್ನು ಕರೆಯೋದು ಅಂತ ಕೇಳುತ್ತಾರೆ. ನಾನು ತಿರುಗಿ ಕೇಳೋದು ಒಂದೇ. ನಿಮ್ಮ ಜೊತೆ ಎರಡನೆಯವರು ಯಾರು?

ಕೆಲವರಿಗೆ ಬೇಜಾರಾಗುತ್ತದೆ. “ನಾನೊಬ್ಬಳೇ ಸಾಕು ಮೇಡಂ, ಎಲ್ಲ ನೋಡ್ಕೋತೀನಿ” ಅಂತಾರೆ. ಆ ಮಾತು ಕೇಳಿದಾಗಲೇ ನನಗೆ ಭಯ.

ಯಾಕೆಂದರೆ ನಮ್ಮ ಶಾಖೆಯನ್ನು ಕಟ್ಟಿದ್ದೂ ಒಬ್ಬಳೇ, ನನ್ನ ಗೆಳತಿ. ಹಾಲ್ ಹುಡುಕೋದು, ಮಾತಾಡುವವರನ್ನು ಒಪ್ಪಿಸೋದು, ಸಮೋಸಾ ಲೆಕ್ಕ, ಪ್ರೊಜೆಕ್ಟರಿನ ಕೇಬಲ್, ಎಲ್ಲ ಅವಳದೇ. ಎರಡು ವರ್ಷ ಜೋರಾಗಿ ನಡೆಯಿತು. ಆಮೇಲೆ ಮಗು ಆಯಿತು. ಗಂಡನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. ಹೊರಟಳು. ಗುಂಪಿನ ಖಾತೆ ಅವಳ ಸ್ವಂತ ನಂಬರಿನಲ್ಲಿತ್ತು. ಒಳಗೆ ಹೋಗಲು ಒಟಿಪಿ ಬೇಕು, ಒಟಿಪಿ ಬರುವ ಸಿಮ್ ಬಂದ್ ಆಗಿತ್ತು. ಆರುನೂರು ಸದಸ್ಯರ ಪಟ್ಟಿ ಒಳಗೇ ಉಳಿಯಿತು, ಬೀಗ ಹಾಕಿದ ಮನೆಯ ಸಾಮಾನಿನ ಹಾಗೆ. ಮತ್ತೆ ಮೊದಲಿಂದ ಶುರು ಮಾಡಲು ನಮಗೆ ಏಳು ತಿಂಗಳು ಬೇಕಾಯಿತು. ಅವಳದು ಏನೂ ತಪ್ಪಿರಲಿಲ್ಲ. ಒಬ್ಬಳ ತಲೆ ಮೇಲೆ ಎಲ್ಲ ಹೊರಿಸಿ, ಎಷ್ಟು ಚೆನ್ನಾಗಿ ಮಾಡ್ತಾಳೆ ಅಂತ ಹೊಗಳುತ್ತಾ ಕೂತಿದ್ದವರು ನಾವು.

ಈ ಪೆಟ್ಟು ತಿಂದ ಮೇಲೆ ಬೇರೆ ಜಾಲಗಳು ಹೇಗೆ ಬೆಳೆದವು ಅಂತ ಕೂತು ನೋಡಿದೆ. ಆರ್-ಲೇಡೀಸ್ ತಗೊಳ್ಳಿ. ಆರ್ ಅನ್ನೋದು ಸಂಖ್ಯಾಶಾಸ್ತ್ರದವರು ಜಾಸ್ತಿ ಬಳಸುವ ಪ್ರೋಗ್ರಾಮಿಂಗ್ ಭಾಷೆ. ಬ್ರೆಜಿಲ್ ಮೂಲದ ಗೇಬ್ರಿಯೆಲಾ ಡಿ ಕ್ವೆರೋಜ್ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈ ಗುಂಪು ಶುರು ಮಾಡಿದರು. ನಾಲ್ಕು ವರ್ಷ ಕಳೆದರೂ ಅದು ಇದ್ದದ್ದು ಬೆರಳೆಣಿಕೆಯ ಊರುಗಳಲ್ಲಿ. 2016ರಲ್ಲಿ ಬೇರೆ ಬೇರೆ ಊರಿನ ಸಂಘಟಕಿಯರು ಒಟ್ಟಾದರು. ಆರ್ ಭಾಷೆಯ ಬೆಳವಣಿಗೆಗೆ ದುಡ್ಡು ಕೊಡುವ ಆರ್ ಕನ್ಸಾರ್ಟಿಯಂ ಅನ್ನೋ ಒಕ್ಕೂಟದಿಂದ ಅನುದಾನ ಸಿಕ್ಕಿತು, ಜಾಗತಿಕ ತಂಡ ಅಂತ ಒಂದಾಯಿತು. ಅಲ್ಲಿಂದ ಮುಂದೆ ಐವತ್ತಕ್ಕೂ ಹೆಚ್ಚು ದೇಶಗಳಿಗೆ ಹರಡಿತು.

ಆ ದುಡ್ಡಲ್ಲಿ ದೊಡ್ಡ ಸಮಾವೇಶ ಮಾಡಿರಬೇಕು ಅಂದುಕೊಂಡಿದ್ದೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಸಭೆಗೆ ಜನ ಹೆಸರು ಬರೆಸುವ ಮೀಟಪ್ ಅನ್ನೋ ಸೇವೆಯ ಶುಲ್ಕವನ್ನು ಎಲ್ಲ ಊರುಗಳ ಪರವಾಗಿ ಕೇಂದ್ರವೇ ಕಟ್ಟುತ್ತದೆ. ಊರಿನ ಹೆಸರಲ್ಲೇ ಇಮೇಲ್ ವಿಳಾಸ ಕೊಡುತ್ತದೆ. ಶಾಖೆ ತೆರೆಯೋದು ಹೇಗೆ, ಮೊದಲ ಸಭೆಯಲ್ಲಿ ಏನು ಹೇಳೋದು, ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಏನು ಮಾಡೋದು, ಎಲ್ಲವನ್ನೂ ಬರೆದು ಯಾರು ಬೇಕಾದರೂ ನೋಡುವ ಹಾಗೆ ಇಟ್ಟಿದೆ. ಕೇಳೋಕೆ ಸಪ್ಪೆ ಅಲ್ವಾ? ಆದರೆ ಸಂಘಟಕಿ ಊರು ಬಿಟ್ಟರೂ ಆ ವಿಳಾಸ ಊರಲ್ಲೇ ಉಳಿಯುತ್ತದೆ. ನಮ್ಮ ಆರುನೂರು ಹೆಸರು ಹೋದದ್ದು ಈ ಸಪ್ಪೆ ಕೆಲಸ ಮಾಡದೇ ಇದ್ದದ್ದಕ್ಕೆ.

ಜ್ಯಾಂಗೋ ಗರ್ಲ್ಸ್ ಕಥೆ ಇನ್ನೂ ಮಜವಾಗಿದೆ. ಜ್ಯಾಂಗೋ ಅನ್ನೋದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಸಾಧನ. 2014ರಲ್ಲಿ ಬರ್ಲಿನ್ನಿನಲ್ಲಿ ಪೈಥಾನ್ ಬಳಸುವವರ ಯುರೋಪ್ ಸಮ್ಮೇಳನ ನಡೆದಾಗ ಅದರ ಮೊದಲ ಕಾರ್ಯಾಗಾರ ಆಯಿತು. ಮಾಡಿದವರು ಪೋಲೆಂಡಿನ ಇಬ್ಬರು. ಇಬ್ಬರ ಹೆಸರೂ ಓಲಾ! ಅಂದರೆ ಎರಡನೆಯವರು ಮೊದಲ ದಿನವೇ ಇದ್ದರು. ಕೋಡಿಂಗ್ ಗೊತ್ತೇ ಇಲ್ಲದ ಹೆಂಗಸರು ಬಂದು ಕೂತು, ಸಂಜೆ ಹೊತ್ತಿಗೆ ತಮ್ಮದೇ ಒಂದು ವೆಬ್‌ಸೈಟ್ ಮಾಡಿ ಹೋಗಬೇಕು. ಫೀಸ್ ಇಲ್ಲ. ಹೆಚ್ಚೂಕಡಿಮೆ ಮೂವರಿಗೆ ಒಬ್ಬರು ಹೇಳಿಕೊಡುವವರು. ಇಂಟರ್ನೆಟ್ ಕೆಲಸ ಮಾಡೋದು ಹೇಗೆ ಅನ್ನೋದರಿಂದ ಹಿಡಿದು ಪಾಠವನ್ನೆಲ್ಲ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಬೇರೆ ದೇಶದವರು ತಮ್ಮ ತಮ್ಮ ಭಾಷೆಗೆ ತಂದುಕೊಂಡರು.

ಅವರಿಂದ ನಾನು ಕದ್ದದ್ದು ಒಂದು ಚಿಕ್ಕ ಪದ್ಧತಿ. ಕಾರ್ಯಾಗಾರದ ಹಿಂದಿನ ಸಂಜೆ ಲ್ಯಾಪ್‌ಟಾಪ್ ತರಿಸಿ, ಬೇಕಾದ ಸಾಫ್ಟ್‌ವೇರ್ ಎಲ್ಲ ಹಾಕಿಸಿಬಿಡೋದು. ಮೊದಲು ನಮ್ಮಲ್ಲಿ ಇದನ್ನು ಆವತ್ತಿನ ಬೆಳಗ್ಗೆಯೇ ಮಾಡುತ್ತಿದ್ದೆವು. ಒಂದು ಸಲ ಹತ್ತು ಗಂಟೆಗೆ ಶುರುವಾಗಬೇಕಿದ್ದ ಪಾಠ ಮಧ್ಯಾಹ್ನದ ಊಟ ಆದರೂ ಶುರುವಾಗಲಿಲ್ಲ. ಒಬ್ಬರದು ಆಫೀಸಿನ ಲ್ಯಾಪ್‌ಟಾಪ್, ಏನೂ ಹಾಕಲು ಬಿಡಲ್ಲ. ಇನ್ನೊಬ್ಬರದು ತಮ್ಮನದು, ಪಾಸ್‌ವರ್ಡ್ ಅವನಿಗೇ ಗೊತ್ತು, ಅವನು ಕ್ರಿಕೆಟ್ ಆಡಲು ಹೋಗಿದ್ದಾನೆ. ಆವತ್ತು ಮಧ್ಯಾಹ್ನ ಎದ್ದು ಹೋದ ಮೂವರು ಮತ್ತೆ ಬರಲಿಲ್ಲ. ನಮಗೆ ಅರ್ಥವಾಗಲ್ಲ ಇದೆಲ್ಲ ಅಂದುಕೊಂಡೇ ಹೋಗಿರುತ್ತಾರೆ. ಪಾಠ ಇನ್ನೂ ಶುರುವೇ ಆಗಿರಲಿಲ್ಲ, ಪಾಪ.

ಬೇರೆ ದೇಶದವರ ಜೊತೆ ಕೆಲಸ ಅಂದಮೇಲೆ ಗಡಿಯಾರದ ಜಗಳ ಇದ್ದೇ ಇದೆ. ನಮ್ಮಲ್ಲಿ ರಾತ್ರಿ 8.30 ಆದಾಗ ಜೂನ್ ತಿಂಗಳಲ್ಲಾದರೆ ಲಂಡನ್ನಿನಲ್ಲಿ ಸಂಜೆ 4, ಸಾವೊ ಪಾಲೊದಲ್ಲಿ ಮಧ್ಯಾಹ್ನ 12, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಳಗ್ಗೆ 8. ಎಲ್ಲರಿಗೂ ಅನುಕೂಲ ಅಂತ ನಮ್ಮ ಜಾಲದ ಕರೆಗೆ ಇದೇ ಹೊತ್ತು ಇಟ್ಟರು. ಸಿಡ್ನಿಯವರಿಗೆ ಆಗ ರಾತ್ರಿ 1 ಗಂಟೆ. ನಮಗೋ ಚಪಾತಿ ಹೊತ್ತು. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಕುಕ್ಕರ್ ಕಡೆ. ನಾನು ಮಾತಾಡಲು ಮೈಕ್ ಆನ್ ಮಾಡಿದರೆ ಮೂರನೇ ಸೀಟಿ ಎಲ್ಲ ಖಂಡಗಳಿಗೂ ಕೇಳುತ್ತಿತ್ತು. ಸಾಲದ್ದಕ್ಕೆ ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಿಡುತ್ತಾರೆ, ಯುರೋಪಿನವರು ಕೊನೇ ಭಾನುವಾರ, ನಾವು ಮುಟ್ಟೋದೇ ಇಲ್ಲ. ಆ ಎರಡು ಮೂರು ವಾರ ಯಾರಾದರೊಬ್ಬರು ಖಾಲಿ ಕರೆಗೆ ಬಂದು ಕಾದು ಹೋಗೋದು ಖಾಯಂ.

ಕೊನೆಗೆ ನಾವು ಮಾಡಿದ ನಿಯಮ: ಕರೆಯಲ್ಲಿ ಹರಟೆ ಹೊಡೆಯಬಹುದು, ತೀರ್ಮಾನ ಮಾಡುವ ಹಾಗಿಲ್ಲ. ತೀರ್ಮಾನ ಏನಿದ್ದರೂ ಬರೆದು ಒಂದು ವಾರ ಎಲ್ಲರ ಮುಂದೆ ಇಡಬೇಕು. ಸಿಡ್ನಿಯವರೂ ಬೆಳಗ್ಗೆ ಎದ್ದು ಕಾಫಿ ಕುಡಿಯುತ್ತಾ ಬೇಡ ಅನ್ನಬಹುದು.

ದುಡ್ಡಿನ ವಿಷಯಕ್ಕೆ ಬಂದರೆ, 2024 ಮರೆಯೋ ವರ್ಷ ಅಲ್ಲ. 2011ರಲ್ಲಿ ಶುರುವಾಗಿ ಲಕ್ಷಗಟ್ಟಲೆ ಸದಸ್ಯರಿದ್ದ ವಿಮೆನ್ ಹೂ ಕೋಡ್ ಸಂಸ್ಥೆ ಏಪ್ರಿಲ್‌ನಲ್ಲಿ ಹಣದ ಮೂಲಗಳಿಗೆ ದೊಡ್ಡ ಪೆಟ್ಟು ಬಿತ್ತು ಅಂತ ಹೇಳಿ ಬಾಗಿಲು ಹಾಕಿತು. ಬೆಂಗಳೂರಲ್ಲೂ ಅದರ ಶಾಖೆ ಇತ್ತು. ಜುಲೈನಲ್ಲಿ, 2007ರಲ್ಲಿ ಶುರುವಾಗಿದ್ದ ಗರ್ಲ್ಸ್ ಇನ್ ಟೆಕ್ ಕೂಡ ಮುಚ್ಚಿತು. ಕಂಪನಿಗಳ ಪ್ರಾಯೋಜಕತ್ವ ಬೇಡ ಅಂತ ನಾನು ಹೇಳಲ್ಲ, ಹಾಲ್ ಬಾಡಿಗೆ ಯಾರೋ ಕೊಡಲೇಬೇಕು. ಆದರೆ ಆ ದುಡ್ಡು ನಾಳೆ ನಿಂತರೆ ಈ ಊರಿನ ಮೂವತ್ತು ಜನ ಯಾರದೋ ಮನೆ ಟೆರೇಸಿನಲ್ಲಿ ಸೇರುತ್ತಾರಾ? ಬಜೆಟ್ ನೋಡೋ ಮೊದಲು ನಾನು ಇದನ್ನು ನೋಡುತ್ತೇನೆ. ವಿಮೆನ್ ಹೂ ಕೋಡ್ ಮುಚ್ಚಿದ ಮೇಲೂ ಕೆಲವು ಊರಿನವರು ಬೇರೆ ಹೆಸರಿಟ್ಟುಕೊಂಡು ಮತ್ತೆ ಸೇರಿದರು. ಅವರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು.

ನಮ್ಮಜ್ಜಿ ಕಾಲದಲ್ಲಿ ನಾಟಿಗೆ ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಾನು ನಿಮ್ಮ ಗದ್ದೆಗೆ, ನಾಡಿದ್ದು ನೀವು ನಮ್ಮ ಗದ್ದೆಗೆ. ಯಾರೂ ಲೆಕ್ಕ ಬರೆಯುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಮುಖ ನೋಡದ ದೇಶದವರ ಜೊತೆ ಹಾಗೆ ನಡೆಯಲ್ಲ. ಮನೆಯಲ್ಲೂ ಬಿಟ್ಟಿ ಕೆಲಸ, ಇಲ್ಲೂ ಬಿಟ್ಟಿ ಕೆಲಸ, ಆಫೀಸಿನ ಅಪ್ರೈಸಲ್‌ನಲ್ಲಿ ಎರಡಕ್ಕೂ ಜಾಗ ಇಲ್ಲ. ಅದಕ್ಕೇ ಈಗ ವರ್ಷದ ಕೊನೆಗೆ ಪ್ರತಿಯೊಬ್ಬರಿಗೂ ಒಂದು ಪತ್ರ ಕೊಡುತ್ತೇವೆ. ಎಷ್ಟು ಸಭೆ ನಡೆಸಿದರು, ಎಷ್ಟು ಜನಕ್ಕೆ ಕಲಿಸಿದರು, ಎಷ್ಟು ದುಡ್ಡು ನಿಭಾಯಿಸಿದರು, ಎಲ್ಲ ಅಂಕಿ ಸಮೇತ. ಒಬ್ಬಾಕೆ ಅದನ್ನು ಹೊಸ ಕೆಲಸದ ಸಂದರ್ಶನಕ್ಕೆ ಒಯ್ದಳು. ಪ್ರಶ್ನೆಗಳೆಲ್ಲ ಅದರ ಮೇಲೇ ಬಂದವಂತೆ.

ಮೊನ್ನೆ ದಾವಣಗೆರೆ ಕಡೆಯ ಕಾಲೇಜೊಂದರ ಉಪನ್ಯಾಸಕಿ ಫೋನ್ ಮಾಡಿದ್ದರು. ನಾನು ಮಾಮೂಲಿ ಪ್ರಶ್ನೆ ಕೇಳಿದೆ. “ಯೋಚನೆ ಮಾಡಿ ಹೇಳ್ತೀನಿ ಮೇಡಂ” ಅಂತ ಇಟ್ಟುಬಿಟ್ಟರು. ಇನ್ನೊಂದು ಹೋಯಿತು ಅಂದುಕೊಂಡೆ. ಮೂರು ವಾರಕ್ಕೆ ಮತ್ತೆ ಫೋನ್ ಬಂತು. ಎರಡನೆಯವರು ಸಿಕ್ಕಿದ್ದಾರಂತೆ, ಅವರದೇ ಲ್ಯಾಬಿನ ಸಹಾಯಕಿ. “ಕೋಡಿಂಗ್ ಬರಲ್ಲ ಅಂತಾರೆ ಮೇಡಂ, ಪರವಾಗಿಲ್ವಾ? ಆದ್ರೆ ಬೀಗದ ಕೈ ಎಲ್ಲಾ ಅವರ ಹತ್ರನೇ ಇರುತ್ತೆ.”